ಬ್ಯಾರನ್ನಿನಲ್ಲಿ ಒಣಗಿದ ಪರದೆಗಳು

ಹಾರನಹಳ್ಳಿಯ ಷಣ್ಮುಖಪ್ಪನವರ ಹೆಂಡತಿ ಗೌರಮ್ಮಣ್ಣಿ ಕೆಲಸದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ, ಮಾತಿನಲ್ಲಿಯೂ ಇರಲಿಲ್ಲ. ಆದರೆ ಬಂದವರು ಏನಂದುಕೊಳ್ಳುವರೋ ಎಂಬ ಅಳುಕು ಮಾತ್ರ ಆಕೆ ಆ ಮನೆಗೆ ಸೊಸೆಯಾಗಿ ಕಾಲಿಟ್ಟಂದಿನಿಂದಲೂ ಆಕೆಯ ಬೆನ್ನು ಬಿಟ್ಟಿರಲಿಲ್ಲ. ನೆಂಟರು ಬರುವರೆಂದರೆ ಬಾಗಿಲ ಬಳಿಯ ಹಳೆಯ ಚಪ್ಪಲಿಗಳನ್ನು ಎತ್ತಿ ಕೊಟ್ಟಿಗೆಯಲ್ಲಿಡುವಳು. ಸೀರೆಯಂಚು ಸವೆದಿದ್ದರೆ ಆ ಮಗ್ಗುಲನ್ನು ಗೋಡೆಯ ಕಡೆಗೆ ಮಾಡಿಕೊಂಡು ನಿಲ್ಲುವಳು. ಗಂಡ ಬನಿಯನ್ನಿನಲ್ಲಿ ಜಗಲಿಗೆ ಬಂದರೆ ಕಣ್ಣಲ್ಲೇ ಒಳಗಟ್ಟುವಳು.

ಮಗ ಪ್ರಭುಸ್ವಾಮಿಗೆ ಹುಣಸೂರಿನ ಭಾವನಾ ಎಂಬ ಹುಡುಗಿಯನ್ನು ನೋಡಿ ಬಂದಿದ್ದರು. ಹುಡುಗ ಹುಡುಗಿ ಇಬ್ಬರಿಗೂ ಒಪ್ಪಿಗೆಯಾಗಿತ್ತು. ಹುಡುಗಿಯ ತಂದೆಯದು ಪೇಟೆಯಲ್ಲಿ ದಿನಸಿ ಅಂಗಡಿ. ಶ್ರಾವಣದಲ್ಲಿ ಅವರು ಮನೆ ನೋಡುವ ಶಾಸ್ತ್ರಕ್ಕೆ ಬರುವುದೆಂದು ಗೊತ್ತಾಯಿತು. ಆ ಶಾಸ್ತ್ರದಲ್ಲಿ ಹೆಣ್ಣಿನ ಕಡೆಯವರು ಅಡುಗೆಮನೆ, ಕೊಟ್ಟಿಗೆ, ನೀರು ನಿಡಿ ಎಲ್ಲವನ್ನೂ ನೋಡುತ್ತಾರೆ. ಕಾಫಿ ಕುಡಿಯುತ್ತಾರೆ, ಬಾಳೆಹಣ್ಣು ತಿನ್ನುತ್ತಾರೆ. ಮನೆ ಒಪ್ಪಿಗೆಯಾಗುವವರೆಗೆ ಊಟದ ಎಲೆಯ ಮುಂದೆ ಮಾತ್ರ ಕೂರುವುದಿಲ್ಲ. ಕೂತರೆ ಸಂಬಂಧ ಒಪ್ಪಿದರೆಂದೇ ಅರ್ಥ. ಊಟಕ್ಕೆ ಏಳದೆ ಹೊರಟುಹೋದ ನೆಂಟರ ಕತೆಗಳು ಗೌರಮ್ಮಣ್ಣಿಗೆ ಬೇಕಾದಷ್ಟು ಗೊತ್ತಿದ್ದವು.

ಮನೆಗೆ ಹಿಂದಿನ ವರ್ಷವಷ್ಟೇ ಸುಣ್ಣಬಣ್ಣವಾಗಿತ್ತು. ಕಿಟಕಿಗಳಿಗೆ ಮಾತ್ರ ಹಳೆಯ ಸೀರೆಯ ತುಂಡುಗಳನ್ನು ಕಟ್ಟಿದ್ದರು. ಗೌರಮ್ಮಣ್ಣಿ ಹುಣಸೂರಿಗೆ ಹೋಗಿ ಬಿಳಿಯ ಪರದೆಗಳನ್ನು ತಂದು ತೂಗುಹಾಕಿದಳು. ಷಣ್ಮುಖಪ್ಪನವರ ಅಕ್ಕ ಪುಟ್ಟಮಾದಮ್ಮ ಹೊಲದಿಂದ ಬಂದವಳು ಹೊಸ್ತಿಲಲ್ಲೇ ನಿಂತು ನೋಡಿ ನಕ್ಕಳು.

"ಇದೇನಮ್ಮಿ ಗೌರಿ, ಆಸ್ಪತ್ರೆ ವಾರ್ಡು ಇದ್ದಂಗದೆ! ಬಂದೋರು ರೋಗಿ ಎಲ್ಲಿ ಮಲಗವ್ನೆ ಅಂತ ಕೇಳಾರು ಕಣೆ."

ಗೌರಮ್ಮಣ್ಣಿಗೆ ಅಳುವೇ ಬಂತು. "ನಗಬ್ಯಾಡಿ ಅಕ್ಕ. ಊವಿಂದು ತರಣ ಅಂದ್ರೆ ಒಂದಕ್ಕೊಂದು ಜೊತೆ ಸಿಕ್ಕಲಿಲ್ಲ."

"ಊವೇ ಬೇಕಾ? ಗಿಣಿ ಆದೀತಾ?" ಎಂದಳು ಪುಟ್ಟಮಾದಮ್ಮ.

ಪುಟ್ಟಮಾದಮ್ಮ ಸರಗೂರಿಗೆ ಮದುವೆಯಾಗಿ ಹೋಗಿದ್ದವಳು. ಆಕೆಯ ಗಂಡ ಲಾರಿ, ಟ್ರ್ಯಾಕ್ಟರುಗಳ ಮೇಲೆ ಹೆಸರು ಬರೆಯುತ್ತಿದ್ದ. ಅವನಿಗೆ ಬೇಕಾದ ಅಕ್ಷರದ ಅಚ್ಚುಗಳನ್ನು ಕತ್ತರಿಸಿಕೊಡುವುದು ಹೆಂಡತಿಯ ಕೆಲಸವಾಗಿತ್ತು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ಹೊಗೆಸೊಪ್ಪಿನ ಕೆಲಸಕ್ಕೆ ನಿಂತಳು. ಸೊಪ್ಪು ಮುರಿಯುವ ಕಾಲದಲ್ಲಿ ಆಕೆಯ ಅಂಗೈಗಳು ಅಂಟು ಹಿಡಿದು ಕಪ್ಪಗಾಗುತ್ತಿದ್ದವು. ಹುಣಸೆಹಣ್ಣು ಹಾಕಿ ಉಜ್ಜಿದರೂ ಆ ಕರೆ ಹೋಗುತ್ತಿರಲಿಲ್ಲ.

ಆ ದಿನ ಆಕೆ ತಮ್ಮನ ಮಂಡಿಯ ಹಳೆಯ ಎಕ್ಸ್‌ರೇ ಹಾಳೆಯನ್ನು ಹುಡುಕಿ ತೆಗೆದಳು. ಹಾಳೆಯ ಮೇಲೆ ಸೂಜಿಯಿಂದ ಗೀಚಿ, ಬ್ಲೇಡಿನಿಂದ ಕೊರೆದು, ಕೊಕ್ಕಿಗೆ ಕೊಕ್ಕು ತಾಗಿಸಿ ಕೂತ ಎರಡು ಗಿಣಿಗಳನ್ನೂ ಕೆಳಗೊಂದು ಮಾವಿನ ಸೊಪ್ಪಿನ ಗೊಂಚಲನ್ನೂ ಬಿಡಿಸಿದಳು.

"ನೋಡ್ಲಾ ಷಣ್ಮುಖ, ನಿನ್ನ ಮಂಡಿ ಮೇಲೆ ಗಿಣಿ ಕೂತವೆ."

"ಅಕ್ಕಾ, ಡಾಕ್ಟ್ರು ಮತ್ತೆ ಆ ಹಾಳೆ ಕೇಳಿದ್ರೆ?" ಎಂದರು ಷಣ್ಮುಖಪ್ಪ.

"ಗಿಣಿ ಆರೋಯ್ತು ಅನ್ನು."

ಪರದೆಯನ್ನು ನಡುಮನೆಯಲ್ಲಿ ಹಾಸಿ ಗೌರಮ್ಮಣ್ಣಿ ಹಾಳೆಯನ್ನು ಅಲುಗಾಡದಂತೆ ಒತ್ತಿ ಹಿಡಿದಳು. ಪುಟ್ಟಮಾದಮ್ಮ ಹಳೆಯ ದಿಂಬಿನ ಸ್ಪಂಜಿನ ಚೂರನ್ನು ಬಣ್ಣದಲ್ಲಿ ಅದ್ದಿ, ಕಾಗದಕ್ಕೆ ಒರೆಸಿ, ಬಣ್ಣ ಇದೆಯೋ ಇಲ್ಲವೋ ಎನ್ನುವಷ್ಟಾದ ಮೇಲೆ ಮೆಲ್ಲಗೆ ತಟ್ಟುತ್ತಾ ಹೋದಳು. ಹಾಳೆ ಎತ್ತಿದಾಗ ಬಿಳಿಯ ಬಟ್ಟೆಯ ಮೇಲೆ ಹಸಿರು ಗಿಣಿಗಳು ಕೆಂಪು ಕೊಕ್ಕಿನೊಂದಿಗೆ ಕೂತಿದ್ದವು. ಗೌರಮ್ಮಣ್ಣಿ ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು. ತಾನೂ ಒಂದು ಒತ್ತುತ್ತೇನೆಂದು ಮಿಕ್ಕಿದ್ದ ಬಟ್ಟೆಯ ತುಂಡೊಂದನ್ನು ಹಾಸಿ ಸ್ಪಂಜು ಹಿಡಿದಳು. ಬಣ್ಣ ಹೆಚ್ಚಾಗಿ ಹಾಳೆಯ ಅಡಿಗೆ ಹರಿದು, ಗಿಣಿ ಕಾವಿಗೆ ಕೂತ ಕೋಳಿಯಂತಾಯಿತು. ಆ ತುಂಡನ್ನು ಅಡುಗೆಮನೆಯ ಮಸಿಬಟ್ಟೆಗೆ ಹಾಕಿದರು. ಮಿಕ್ಕ ಗಿಣಿಗಳನ್ನೆಲ್ಲ ಪುಟ್ಟಮಾದಮ್ಮನೇ ಒತ್ತಿದಳು.

ಶ್ರಾವಣದ ಜಡಿಮಳೆ ಬಿಡಲೊಲ್ಲದು. ಬಣ್ಣ ಒಣಗಲಿಲ್ಲ. ನೆಂಟರು ಬರುವುದು ಮರುದಿನವೇ.

"ನಡುಮನೆಯೊಳಗೇ ಅಗ್ಗ ಕಟ್ಟಿ ಬುಡು. ನೆಳ್ಳಾಗೆ ಅದ್ರ ಪಾಡಿಗದು ಒಣಗ್ತದೆ," ಎಂದಳು ಪುಟ್ಟಮಾದಮ್ಮ.

ಗೌರಮ್ಮಣ್ಣಿಗೆ ಅಷ್ಟು ತಾಳ್ಮೆಯಿರಲಿಲ್ಲ. ಹಿತ್ತಿಲಿನಾಚೆ ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್ ಇತ್ತು. ಬೆಳಿಗ್ಗೆಯಷ್ಟೇ ಸೊಪ್ಪು ಇಳಿಸಿದ್ದರು; ಒಳಗೆ ಇನ್ನೂ ಬೆಚ್ಚನೆಯ ಕಾವು. ಅಕ್ಕನ ಮಾತನ್ನು ಕೇಳದೆ ಪರದೆಗಳನ್ನೆಲ್ಲ ಅಲ್ಲಿಯ ಗಳಗಳ ಮೇಲೆ ಹರವಿ ಬಾಗಿಲು ಮುಚ್ಚಿ ಬಂದಳು. ಸಂಜೆಯ ಹೊತ್ತಿಗೆ ಪರದೆಗಳು ಹಪ್ಪಳದಂತೆ ಒಣಗಿದ್ದವು. ಹೊಗೆಸೊಪ್ಪಿನ ಕಮಟು ಅವುಗಳ ಎಳೆ ಎಳೆಗೂ ಹತ್ತಿತ್ತು. ಅದೇ ಗಾಳಿಯಲ್ಲಿ ಉಂಡು ಮಲಗುವ ಆ ಮನೆಯವರ ಮೂಗಿಗೆ ಅದು ತಿಳಿಯಲೇ ಇಲ್ಲ.

ಬೆಳಿಗ್ಗೆ ಗೌರಮ್ಮಣ್ಣಿ ಪರದೆಗಳನ್ನು ತೂಗುಹಾಕಿದಳು. ನಡುಮನೆ ಹೊಸ ಕಳೆಯಿಂದ ತುಂಬಿತು. ಆಗ ಬಾಗಿಲಲ್ಲಿ ನಿಂತ ಪುಟ್ಟಮಾದಮ್ಮನ ಕೈಗಳು ಅವಳ ಕಣ್ಣಿಗೆ ಬಿದ್ದವು. ಅಂಗೈ ತುಂಬ ಸೊಪ್ಪಿನ ಕರೆ. ಅಕ್ಕನ ಮಾತೋ, ಎದುರಿನವರು ಯಾರೆಂದು ನೋಡದೆ ಆಡುವ ಮಾತು.

"ಅಕ್ಕ, ಅವರು ಬಂದೋಗೋಗಂಟ ಒಸಿ ಒಳಗೇ ಇರ್ತೀರಾ? ಅಡುಗೆ ನೋಡ್ಕೊಳಕೆ ಒಬ್ರು ಬೇಕಲ್ಲ."

ಪುಟ್ಟಮಾದಮ್ಮ ತನ್ನ ಕೈಗಳನ್ನು ತಾನೇ ಒಮ್ಮೆ ನೋಡಿಕೊಂಡಳು. "ಇರ್ತೀನಿ ಬುಡು. ಪಾಯಸ ತಳ ಹಿಡಿದ್ರೆ ಯಾರ್ಗೆ ಬೇಕು," ಎಂದು ಒಳಗೆ ಹೋದಳು.

ನೆಂಟರು ಬಂದರು. ಭಾವನಾಳ ತಂದೆ, ತಾಯಿ ಸುನಂದಮ್ಮ, ಜೊತೆಗೆ ಒಬ್ಬರು ಹಿರಿಯರು. ಕೊಟ್ಟಿಗೆ ನೋಡಿದರು, ನೀರಿನ ತೊಟ್ಟಿ ನೋಡಿದರು. ನಡುಮನೆಗೆ ಬಂದು ಕೂತಾಗ ಸುನಂದಮ್ಮನ ಕಣ್ಣು ಪರದೆಯ ಮೇಲೆ ಬಿತ್ತು. ಎದ್ದು ಹೋಗಿ ಅಂಚನ್ನು ಹಿಡಿದು ಹತ್ತಿರದಿಂದ ನೋಡಿದಳು. ಮೂಗು ಸ್ವಲ್ಪ ಸುಕ್ಕಾಯಿತು.

"ಏನೋ ಒಂಥರಾ ವಾಸನೆ ಅಲ್ವಾ?"

ಗೌರಮ್ಮಣ್ಣಿಯ ಕಿವಿಯವರೆಗೂ ಬಿಸಿಯೇರಿತು. ಏನು ವಾಸನೆಯೆಂದು ಅವಳಿಗೆ ಆಗ ಹೊಳೆಯಿತು. ಅವಳ ಮುಖ ನೋಡಿ ಸುನಂದಮ್ಮನೇ ಸಮಾಧಾನ ಹೇಳುವವಳಂತೆ, "ಇರ್ಲಿ ಬಿಡಿ, ಒಗೆದ್ರೆ ಹೋಗುತ್ತೆ. ಗಿಣಿಗಳು ಎಷ್ಟು ಮುದ್ದಾಗಿವೆ! ಅಂಗಡೀಲಿ ಇಂಥದ್ದು ನಾನು ನೋಡಿಲ್ಲ. ಯಾರು ಬರೆದದ್ದು, ನೀವೇನಾ?" ಎಂದು ಕೇಳಿದಳು.

"ಹೂಂ," ಎಂದಳು ಗೌರಮ್ಮಣ್ಣಿ.

ಅಷ್ಟೇ. ಮುಳುಗುವವಳು ಕೈಗೆ ಸಿಕ್ಕಿದ್ದನ್ನು ಹಿಡಿದಂತೆ ಆ 'ಹೂಂ' ಅನ್ನು ಹಿಡಿದಿದ್ದಳು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಷಣ್ಮುಖಪ್ಪ ತಲೆ ಎತ್ತಿ ಹೆಂಡತಿಯನ್ನು ನೋಡಿದರು. ಮತ್ತೆ ತಮ್ಮ ಕಾಫಿ ಲೋಟವನ್ನು ನೋಡಿದರು.

ಭಾವನಾಳ ತಂದೆ ಪರದೆಯ ಮಾತನ್ನು ಅಲ್ಲಿಗೇ ಬಿಡಲಿಲ್ಲ. "ಅಲ್ಲ ಸ್ವಾಮಿ, ಕೇಳ್ತೀನಿ ಅಂತ ತಪ್ಪು ತಿಳೀಬೇಡಿ. ನೀವು ಸೊಪ್ಪನ್ನ ಮನೆಯೊಳಗೇ ಪೇರಿಸಿಡ್ತೀರಾ? ನಮ್ಮ ಹುಡುಗಿಗೆ ಚಿಕ್ಕಂದಿನಿಂದ ಧೂಳು ಘಾಟು ಆಗಿಬರಲ್ಲ. ಉಬ್ಬಸ ಬರುತ್ತೆ. ಬಟ್ಟೆಯೇ ಇಷ್ಟು ಘಾಟು ಹೊಡೆದ್ರೆ..."

ಹಿರಿಯರು ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಂಡರು. ಏಳುವ ಮೊದಲು ಗಂಡಸರು ಮಾಡುವ ಹಾಗೆ. ಬ್ಯಾರನ್ನಿನಲ್ಲಿ ಒಣಹಾಕಿದವಳು ತಾನೇ ಎಂದು ಗೌರಮ್ಮಣ್ಣಿ ಹೇಳಿದ್ದರೆ ಸಾಕಿತ್ತು. ಹೇಳದೆ, ಪರದೆಯ ಅಂಚನ್ನು ಸರಿಮಾಡತೊಡಗಿದಳು. ಅಷ್ಟರಲ್ಲಿ ಪುಟ್ಟಮಾದಮ್ಮ ಅಡುಗೆಮನೆಯಿಂದ ಹೊರಗೆ ಬಂದಳು. ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು.

"ಮನೆ ವಾಸ್ನೆ ಅಲ್ಲ ಕಣಪ್ಪ ಅದು, ನನ್ನ ದಡ್ಡತನದ ವಾಸ್ನೆ! ಸೊಪ್ಪೆಲ್ಲ ಆಚೆ ಕೊಟ್ಟಡೀಲಿ ಇರ್ತದೆ. ಪರದೆ ಒಣಗಾಕಿ ಅಕ್ಕ ಅಂತ ನಮ್ಮ ಗೌರಿ ನನ್ನ ಕೈಗೆ ಕೊಟ್ಲು. ಮಳೆ ನೋಡಿ, ನಾನು ತಗಂಡೋಗಿ ಬ್ಯಾರನ್ನಾಗೆ ಆಕ್ಬುಟ್ಟೆ. ಅವಳು ಪಾಪ ಬೋ ಆಸೇಲಿ ಬರೆದಿದ್ಲು, ನಾನು ಕೆಡಿಸ್ದೆ."

"ಗಿಣಿಗೂ ಹೊಗೆ ಹಾಕಿದ್ರಾ?" ಎಂದು ಹಿರಿಯರು ಗಟ್ಟಿಯಾಗಿ ನಕ್ಕರು. ಎಲ್ಲರೂ ನಕ್ಕರು. ಭಾವನಾಳ ತಂದೆ ಹಿತ್ತಿಲಿಗೆ ಹೋಗಿ ಸೊಪ್ಪು ಪೇರಿಸಿಟ್ಟ ಕೊಟ್ಟಡಿಯನ್ನು ತಾವೇ ನೋಡಿ ಬಂದು, "ಸರಿ, ಕೈಕಾಲು ತೊಳೆಯೋಣ," ಎಂದರು. ಎಲೆ ಹಾಕಿದರು.

ಬಡಿಸುವಾಗ ಸುನಂದಮ್ಮ ಗೌರಮ್ಮಣ್ಣಿಯ ಕೈಹಿಡಿದು, ತಮ್ಮ ಮನೆಗೂ ಇಂಥವೇ ಪರದೆ ಬರೆದುಕೊಡಬೇಕೆಂದು ಬಾಯ್ತುಂಬ ಕೇಳಿದಳು. ಗೌರಮ್ಮಣ್ಣಿ ಅದಕ್ಕೂ ತಲೆಯಾಡಿಸಿದಳು. ಪುಟ್ಟಮಾದಮ್ಮ ಒಲೆಯ ಬಳಿಯೇ ಉಳಿದಳು. ಅವಳನ್ನು ಯಾರೂ ಎಲೆಗೆ ಕರೆಯಲಿಲ್ಲ.

ನೆಂಟರ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಗೌರಮ್ಮಣ್ಣಿ ಒಳಗೆ ಬಂದಳು. ಪುಟ್ಟಮಾದಮ್ಮ ಗೋಡೆಗೊರಗಿ, ಉಳಿದ ಅನ್ನಕ್ಕೆ ಸಾರು ಕಲಸಿಕೊಂಡು ಉಣ್ಣುತ್ತಿದ್ದಳು. ಬಯ್ದಿದ್ದರೆ ಹಗುರವಾಗುತ್ತಿತ್ತು. ಅವಳು ಬಯ್ಯಲಿಲ್ಲ. "ನೆಂಟಸ್ತಿಕೆ ಕುದುರ್ತಲ್ಲ, ಬುಡು. ಉಪ್ಪಿನಕಾಯಿ ಒಸಿ ಆಕು," ಎಂದಳು. ಗೌರಮ್ಮಣ್ಣಿ ಉಪ್ಪಿನಕಾಯಿ ಹಾಕಿದಳು. ಕ್ಷಮಿಸಿ ಎನ್ನಬೇಕೆಂದುಕೊಂಡಳು. ಒಂದೇ ಸೂರಿನಡಿ ಇಷ್ಟು ವರ್ಷ ಬಾಳಿದವರ ನಡುವೆ ಆ ಮಾತಿಗೆ ಬಳಕೆಯೇ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ಪರದೆಗಳನ್ನು ಎರಡು ಸಲ ಒಗೆದಳು. ವಾಸನೆ ಹೋಯಿತು. ಗಿಣಿಗಳು ಮಾತ್ರ ಅಲ್ಲೇ ಇದ್ದವು. ಹಾಲು ಕೊಳ್ಳಲು ಬಂದವರು, ದಾರಿಯಲ್ಲಿ ಹೋಗುವವರು, ಪ್ರತಿಯೊಬ್ಬರೂ "ಚೆನ್ನಾಗವೆ ಕಣ್ರೀ ಪರದೆ," ಎನ್ನುವರು. ಗೌರಮ್ಮಣ್ಣಿ ಕೇಳದವಳಂತೆ ಒಳಗೆ ಹೋಗುವಳು.

ಒಂದು ದಿನ ಪ್ರಭುಸ್ವಾಮಿ ಹುಣಸೂರಿನಿಂದ ಬಂದವನು ಬೈಕಿನಿಂದ ಬಿಳಿ ಬಟ್ಟೆಯ ಗಂಟೊಂದನ್ನು ಇಳಿಸಿದ. "ಅವ್ವ, ಭಾವನಾ ಅವರ ತಾಯಿ ಕೊಟ್ಟವ್ರೆ. ಗಿಣೀನ ನಿನ್ನ ಕೈಯಲ್ಲೇ ಬರೆಸಬೇಕಂತೆ," ಎಂದು ಹೇಳುವಾಗ, ಬರೆದವರು ಯಾರೆಂದು ಬಲ್ಲ ಅವನು ತಾಯಿಯ ಮುಖ ನೋಡಲಿಲ್ಲ. ಸೊಪ್ಪು ಕಟ್ಟುತ್ತಿದ್ದ ಪುಟ್ಟಮಾದಮ್ಮ ಎದ್ದು ಬಂದಳು. "ತಾ ಇಲ್ಲಿ," ಎಂದು ಗಂಟನ್ನು ತೆಗೆದುಕೊಂಡಳು. ಎರಡು ಮಧ್ಯಾಹ್ನ ಕೂತು ಎಲ್ಲವನ್ನೂ ಒತ್ತಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ತೀಡಿ ಮಡಿಸಿಟ್ಟಳು. ಆ ಎರಡು ಮಧ್ಯಾಹ್ನವೂ ಗೌರಮ್ಮಣ್ಣಿ ಹಾಳೆ ಹಿಡಿದುಕೊಂಡು ಎದುರಿಗೆ ಕೂತಿದ್ದಳು. ತಲೆ ಎತ್ತಲು ಆಗಲಿಲ್ಲ.

ಪರದೆಗಳನ್ನು ತಾನೇ ಕೊಟ್ಟುಬರುತ್ತೇನೆಂದು ಅವಳು ಬಸ್ಸು ಹತ್ತಿದಳು. ಹುಣಸೂರಿನ ಮನೆಯಲ್ಲಿ ಸುನಂದಮ್ಮ ಮಡಿಕೆ ಬಿಚ್ಚಿ ಅಕ್ಕಪಕ್ಕದವರನ್ನೂ ಕರೆದು ತೋರಿಸಲು ಹೊರಟಾಗ ಗೌರಮ್ಮಣ್ಣಿ ಅವಳ ಸೆರಗು ಹಿಡಿದು ನಿಲ್ಲಿಸಿದಳು.

"ಕರೀಬೇಡಿ. ಇದು ನಾನು ಬರೆದದ್ದಲ್ಲ. ಅವತ್ತಿಂದೂ ನಾನು ಬರೆದದ್ದಲ್ಲ. ನಮ್ಮಕ್ಕ ಬರೆದದ್ದು. ಬ್ಯಾರನ್ನಲ್ಲಿ ಹಾಕಿ ವಾಸನೆ ಬರಿಸಿದ್ದೇ ನಾನು."

ಸುನಂದಮ್ಮ ಬಿಚ್ಚಿದ ಪರದೆಯನ್ನು ಮತ್ತೆ ಮಡಿಸತೊಡಗಿದಳು. ಸಂಬಂಧ ಮುರಿಯುವ ಮಾತೇನಾದರೂ ಬಂದೀತೆಂದು ಗೌರಮ್ಮಣ್ಣಿ ಕಾದು ನಿಂತಳು. ಬಂದದ್ದು ಬೇರೆ ಮಾತು.

"ಹಾಗಾದ್ರೆ ಅವತ್ತು ಅವರು ಯಾಕೆ ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ?"

ಸುನಂದಮ್ಮ ಕೊಟ್ಟ ಕಾಫಿಯನ್ನು ಗೌರಮ್ಮಣ್ಣಿ ಕುಡಿದಳೋ ಇಲ್ಲವೋ, ಆಮೇಲೆ ಅವಳಿಗೆ ನೆನಪಿರಲಿಲ್ಲ.

ಮನೆಗೆ ಬಂದವಳೇ ಹಿತ್ತಿಲಿಗೆ ಹೋಗಿ, ನಡೆದದ್ದನ್ನು ಪುಟ್ಟಮಾದಮ್ಮನಿಗೆ ಹೇಳಿದಳು. ಪುಟ್ಟಮಾದಮ್ಮ ಕೈಯಲ್ಲಿದ್ದ ಸೊಪ್ಪಿನ ಕಡ್ಡಿಯನ್ನು ಕೆಳಗೆ ಹಾಕಿದಳು.

"ಅಯ್ಯೋ ನಿನ್ನ! ಏನ್ ಕೆಲ್ಸ ಮಾಡ್ದೆಯಮ್ಮಿ! ಅಷ್ಟು ಜನದ ಮುಂದೆ ನಾನು ನಿಂತು ಇವಳೇ ಬರೆದದ್ದು ಅಂದಿದ್ದೆ. ಈಗ ಬೀಗರ ಕಣ್ಣಲ್ಲಿ ನನ್ನನ್ನೂ ಸುಳ್ಳಿ ಮಾಡ್ಬುಟ್ಟಲ್ಲ! ನೀನು ಸುಳ್ಳೇಳಿದ್ರೂ ನಂಗೇ ಬಂತು, ನಿಜ ಹೇಳಿದ್ರೂ ನಂಗೇ ಬಂತು."

ಗೌರಮ್ಮಣ್ಣಿ ಇದನ್ನು ಯೋಚಿಸಿಯೇ ಇರಲಿಲ್ಲ. ತನ್ನ ಭಾರ ಇಳಿಸಿಕೊಳ್ಳುವ ಆತುರದಲ್ಲಿ ಮತ್ತೆ ಅಕ್ಕನ ತಲೆಯ ಮೇಲೆಯೇ ಹೊರಿಸಿ ಬಂದಿದ್ದಳು. ನಿಂತಲ್ಲೇ ಕಣ್ಣು ತುಂಬಿತು. ಸುನಂದಮ್ಮ ಕೇಳಿದ ಕೊನೆಯ ಪ್ರಶ್ನೆಯನ್ನೂ ತಡವರಿಸುತ್ತ ಹೇಳಿದಳು.

ಪುಟ್ಟಮಾದಮ್ಮನ ದನಿ ಇಳಿಯಿತು. "ಅದಕ್ಕೆ ನೀನೇನಂದೆ?"

"ಏನೂ ಅನ್ನಲಿಲ್ಲ."

"ಅವತ್ತು ಅವಳಿಗೆ ಅಸಿವಿರ್ನಿಲ್ಲ ಅನ್ಬೌದಾಗಿತ್ತು. ಓಗ್ಲಿ, ಮದುವೆ ಮಾತುಕತೆಗೆ ಬರ್ತಾರಲ್ಲ, ಆಗ ನಾನೇ ಅಂದ್ಕೋತೀನಿ. ಅವತ್ತು ನನಗೆ ಒಪ್ಪೊತ್ತು ಅಂತ."

"ಬ್ಯಾಡಿ ಅಕ್ಕ," ಎಂದಳು ಗೌರಮ್ಮಣ್ಣಿ. "ಇನ್ನ ನನಗೋಸ್ಕರ ಸುಳ್ಳೇಳ್ಬ್ಯಾಡಿ."

ಪುಟ್ಟಮಾದಮ್ಮ ಅವಳನ್ನೇ ದಿಟ್ಟಿಸಿದಳು. ಆಮೇಲೆ ಪಕ್ಕದ ಗೋಣಿತಾಟನ್ನು ಸರಿಸಿ, "ಕೂತ್ಕೊ ಹಂಗಾದ್ರೆ," ಎಂದಳು. ಗೌರಮ್ಮಣ್ಣಿ ಕೂತಳು.

"ಅವತ್ತು ನಂಗೆ ಬೋ ನೋವಾಯ್ತು ಕಣಮ್ಮಿ ಗೌರಿ," ಎಂದು ಪುಟ್ಟಮಾದಮ್ಮ ಹೇಳತೊಡಗಿದಳು.