ಮೂಸಿದ ದಂಡೆ

ಎಪ್ಪತ್ತರ ದಶಕದಲ್ಲಿ ಮದುವೆಯಾಗಿ ಯಶವಂತಪುರಕ್ಕೆ ಬಂದ ಮೇಲೆ ನನ್ನ ಮೊದಲ ವರಮಹಾಲಕ್ಷ್ಮಿ ಹಬ್ಬ ಅದು. ಅತ್ತೆ ಬೆಳಗಿನಿಂದ ಕೂತು ಬಾಳೆನಾರಿನಲ್ಲಿ ಮಲ್ಲಿಗೆ, ಕೇದಗೆ ಸೇರಿಸಿ ಕಳಶಕ್ಕೆ ದಂಡೆ ಕಟ್ಟಿದ್ದರು. ದೇವರ ಹೂವನ್ನು ಮೂಸಬಾರದು. ಮೊದಲ ಪರಿಮಳ ಲಕ್ಷ್ಮಿಗೇ ಸೇರಬೇಕು. ಅತ್ತೆ ಒಳಗೆ ಹೋದದ್ದೇ ತಡ, ನಾನು ಅದರೊಳಗೆ ಮೂಗು ತೂರಿಸಿದೆ.

ಹೊರಬಂದ ಅತ್ತೆ ಕೇಳಿದರು, "ಮೂಸಿದ್ಯಾ?"

"ಇಲ್ಲ ಅತ್ತೆ."

"ಮೂಗ್ ತುಂಬ ಕೇದಗೆ ಪುಡಿ ಮೆತ್ಕೊಂಡಿದೆ ಕಣೇ."

ತವರಿಗೆ ಅಟ್ಟಿಬಿಡುತ್ತಾರೆಂದೇ ಅಂದುಕೊಂಡೆ. ಅತ್ತೆ ನನ್ನನ್ನು ಕೂರಿಸಿ, ಆ ದಂಡೆಯನ್ನು ನನ್ನ ಜಡೆಗೇ ಮುಡಿಸಿದರು.

"ಇದು ನಿಂದಾಯ್ತು. ದೇವ್ರಿಗೆ ಇನ್ನೊಂದ್ ಕಟ್ಟೋಣ, ನಾರು ತಗೊಂಡ್ ಬಾ."

ಎರಡನೆಯದು ಮುಗಿಯುವವರೆಗೂ ನಾನು ಬಾಯಲ್ಲೇ ಉಸಿರಾಡಿದೆ. ನಗು ತಡೆಯಲಾರದೆ ಅತ್ತೆ ಎರಡು ಸಲ ಗಂಟು ತಪ್ಪಾಗಿ ಹಾಕಿದರು.