ಎರಡು ಬೆರಳು ಜಾಗ ಬಿಡುವ ತಿಮ್ಮರಾಜು

ನಮ್ಮ ಪೈಪ್ ಫಿಟ್ಟರ್ ತಿಮ್ಮರಾಜುವಿನ ಲೆಕ್ಕದಲ್ಲಿ ಜಗತ್ತಿನಲ್ಲಿರುವುದು ಎರಡೇ ಜಾತಿ: ಬಿಸಿಯಾಗಿ ಬೆಳೆದದ್ದು, ಇನ್ನೂ ಬಿಸಿಯಾಗದೆ ಇರುವುದು. ಕೃಷ್ಣಗಿರಿ ರಸ್ತೆಯಲ್ಲಿ ಮಾವಿನ ತಿರುಳು ತೆಗೆದು ಡಬ್ಬಿಗೆ ತುಂಬುವ ಕಾರ್ಖಾನೆ ನಮ್ಮದು. ಮಾವು ಮುಗಿದರೆ ಟೊಮೇಟೊ. ಬಾಯ್ಲರಿನಿಂದ ಹೊರಟ ಹಬೆಯ ಪೈಪು ಶೆಡ್ಡಿನ ಉದ್ದಕ್ಕೂ ಓಡುತ್ತದೆ. ಹಬೆ ಬಿಟ್ಟರೆ ಪೈಪು ಉದ್ದವಾಗುತ್ತದೆ, ಎರಡೂ ತುದಿ ಬಿಗಿದರೆ ಸೊಟ್ಟಗಾಗಿ ಗೋಡೆಯನ್ನೇ ಒಡೆಯುತ್ತದೆ. ಅದಕ್ಕೇ ನಡುನಡುವೆ ಅದನ್ನು ಬಾಗಿಲ ಚೌಕಟ್ಟಿನ ಹಾಗೆ ಬಗ್ಗಿಸಿ, ತುದಿಯಲ್ಲಿ ಜಾಗ ಬಿಟ್ಟಿರುತ್ತಾರೆ. ಹೊಸಬರು ಯಾರೇ ಬರಲಿ, ತಿಮ್ಮರಾಜು ಅವರನ್ನು ಆ ಲೂಪಿನ ಕೆಳಗೆ ನಿಲ್ಲಿಸಿ ಇಷ್ಟನ್ನೂ ಹೇಳುತ್ತಾನೆ. ಕೇಳೀ ಕೇಳೀ ನನ್ನ ಕಿವಿ ತೂತು ಬಿದ್ದಿದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವಲಪಲ್ಲಿಯ ಅವನ ಮನೆಯಲ್ಲಿ ಬಾಗಿಲಿಗೂ ಚೌಕಟ್ಟಿಗೂ ನಡುವೆ ಬೆಕ್ಕು ನುಗ್ಗುವಷ್ಟು ಸಂದು. ಚಪ್ಪಲಿ ಒಂದು ಸೈಜು ದೊಡ್ಡದು. ಹೆಂಡತಿ ಶಶಿಕಲಾ ತನ್ನ ತಮ್ಮನ ಮದುವೆಗೆ ರೇಷ್ಮೆ ರವಿಕೆ ಹೊಲಿಯಲು ಕೊಟ್ಟಿದ್ದಳು. ಈ ಪುಣ್ಯಾತ್ಮ ಅವಳಿಗೆ ತಿಳಿಸದೆ ಟೈಲರಿಗೆ ಹೇಳಿ ಸುತ್ತಲೂ ಎರಡು ಬೆರಳು ಜಾಸ್ತಿ ಬಿಡಿಸಿದ. ಮಂಟಪದ ಸೆಖೆಗೆ ಬೇಕಾಗುತ್ತದಂತೆ! ಮದುವೆಯ ಫೋಟೋಗಳಲ್ಲೆಲ್ಲ ಶಶಿಕಲಾ ಗೋಣಿಚೀಲ ತೊಟ್ಟವಳ ಹಾಗೆ ನಿಂತಿದ್ದಾಳೆ. ಆಲ್ಬಮ್ ಮನೆಗೆ ಬಂದ ದಿನದಿಂದ ಗಂಡನ ಜೊತೆ ಮಾತು ಬಂದ್.

ಹೇಳಬೇಕಾದ್ದನ್ನೆಲ್ಲ ಅವಳು ಕುಕ್ಕರಿಗೆ ಹೇಳುತ್ತಿದ್ದಳು. "ಅನ್ನ ಆಗೈತೆ, ಬೇಕಾದೋರು ಬಡಿಸ್ಕಬೋದು." ತಿಮ್ಮರಾಜು ಸೊರಗಿಹೋದ. "ಬೈದ್ರೂ ಪರ್ವಾಗಿಲ್ಲ ಕಣಣ್ಣ, ಮನೇಗೆ ಬೀಗ ಹಾಕ್ದಂಗೈತೆ" ಎಂದು ನನ್ನ ಮುಂದೆ ಕಣ್ಣೀರು ಹಾಕಿದ. ನನಗೆ ನಗು ಬಂತು, ಪಾಪ ಅಂತಲೂ ಅನ್ನಿಸಿತು.

ಶಶಿಕಲಾ ನಮ್ಮ ಕ್ಯಾಂಟೀನಿನಲ್ಲೇ ಅಡುಗೆ ಮಾಡುವವಳು. "ಅವ್ಳಿಗೊಂದು ಮೇಜು ಮಾಡ್ಕೊಡು ಕಣ್ಲಾ. ಸಾಂಬಾರ್ ಹಂಡೆ ನೆಲದ್ ಮೇಲಿಟ್ಕೊಂಡು ಬಗ್ಗಿ ಬಗ್ಗಿ ಸೊಂಟ ಬಿದ್ದೋಗೈತೆ" ಎಂದೆ.

ಬಾಯ್ಲರ್ ಪೂರ್ತಿ ತಣ್ಣಗಾಗುವುದು ಆಯುಧಪೂಜೆಗೆ ಮಾತ್ರ. ಮೆಷಿನ್ನುಗಳಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಪುರಿಯ ಪೊಟ್ಟಣ ಹಿಡಿದು ಎಲ್ಲರೂ ಮನೆಗೆ ಹೋದ ಮೇಲೆ ತಿಮ್ಮರಾಜು ಕ್ಯಾಂಟೀನಿಗೆ ನುಗ್ಗಿದ. ಕಬ್ಬಿಣದ ಕಾಲು, ಮೇಲೆ ಕಪ್ಪು ಕಲ್ಲು ಕೂರಿಸಿ ಮೇಜು ಮಾಡಿದ. ಮೇಜಿನ ಒಂದು ತುದಿ ಇಡ್ಲಿ ಪಾತ್ರೆಗೆ ಹಬೆ ತರುವ ಪೈಪಿನ ತಿರುವಿಗೆ ತಾಗಿತ್ತು, ಇನ್ನೊಂದು ತುದಿಯ ಕಾಲುಗಳು ನೆಲದ ಮೋರಿಯ ಅಂಚಿನಲ್ಲಿದ್ದವು. ಅಲ್ಲಾಡಿದರೆ ಅವಳಿಗೆ ಸಿಟ್ಟು ಬಂದೀತೆಂದು, ಕೂದಲೂ ತೂರದಂತೆ ಪೈಪಿಗೆ ಒತ್ತಿ ಕೂರಿಸಿದ. ತಣ್ಣಗಿರುವ ಪೈಪಿಗೆ! ಅದೂ ತಿಮ್ಮರಾಜು! ಹೆಂಡತಿಯ ಯೋಚನೆಯಲ್ಲಿ ಇದ್ದ ಬುದ್ಧಿಯೂ ಹೋಗಿತ್ತು.

ರಜೆ ಮುಗಿದು ಬಂದ ಶಶಿಕಲಾ ಕಲ್ಲಿನ ಮೇಲೆ ಕೈಯಾಡಿಸಿದಳು. ಮಾತಾಡಲಿಲ್ಲ, ಆದರೆ ತುಟಿಯಂಚಿನಲ್ಲಿ ಸಣ್ಣ ನಗು ಇತ್ತು. ತುಂಬಿದ ಸಾಂಬಾರ್ ಹಂಡೆಯನ್ನು ಮೇಜಿನ ತುದಿಗಿಟ್ಟಳು. ತಿಮ್ಮರಾಜು ಬಾಗಿಲಲ್ಲಿ ತಟ್ಟೆ ಹಿಡಿದು, ಹೆಣ್ಣು ನೋಡಲು ಬಂದವನ ಹಾಗೆ ನಾಚಿಕೊಂಡು ನಿಂತಿದ್ದ.

ಹಬೆ ಬಂತು. ಪೈಪು ಟಿಕ್ ಟಿಕ್ ಎಂದಿತು. ಮೇಜು ಮೆಲ್ಲಗೆ ಮುಂದಕ್ಕೆ ಸರಿಯಿತು. ತಿಮ್ಮರಾಜು ತಟ್ಟೆ ಬಿಸಾಡಿದ. ಓಡಿಬರುವಷ್ಟರಲ್ಲಿ ಮೇಜಿನ ಕಾಲುಗಳು ಮೋರಿಗಿಳಿದವು, ಹಂಡೆ ಜಾರಿತು, ಸಾಂಬಾರೆಲ್ಲ ನೆಲದ ಪಾಲಾಯಿತು. ಸದ್ಯ, ಯಾರ ಕಾಲೂ ಸುಡಲಿಲ್ಲ. ಅವನ ಒಂದು ಚಪ್ಪಲಿ ಮಾತ್ರ ನುಗ್ಗೆಕಾಯಿಗಳ ಜೊತೆ ಮೋರಿಯಲ್ಲಿ ತೇಲಿಹೋಯಿತು.

"ಥೂ, ನಿನ್ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದು ಶಶಿಕಲಾ ಕೂಗಿದಳು. "ನನ್ ರವಿಕೆಗೆ ಎರಡು ಬೆರಳು ಬುಟ್ಟೋನಿಗೆ, ಈ ಪೈಪಿಗೆ ಬುಡಾಕೆ ಏನಾಗಿತ್ಲಾ?" ಕನ್ನಡ ಸಾಲದಾದಾಗ ತೆಲುಗಿಗೆ ಇಳಿದಳು, ಅದೂ ಮುಗಿದಾಗ ತಮಿಳು. ವಿಚಾರಿಸಲು ಬಂದ ಮ್ಯಾನೇಜರ್ ಹರಿಕೃಷ್ಣ ಬಾಗಿಲಿನಿಂದಲೇ ವಾಪಸಾದರು. ಸಾಂಬಾರಿನ ನಡುವೆ ಒಂಟಿ ಚಪ್ಪಲಿಯಲ್ಲಿ ನಿಂತ ತಿಮ್ಮರಾಜು ಕಣ್ಣು ತುಂಬಿಕೊಂಡು ಕೇಳುತ್ತಿದ್ದ. ಅಷ್ಟು ಸುಖವಾಗಿದ್ದ ಗಂಡಸನ್ನು ನಾನು ನೋಡಿಲ್ಲ.

ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಅವನು ಮೆಲ್ಲಗೆ ಕೇಳಿದ: "ಇನ್ನೂ ಐತಾ?"

"ಐತೆ," ಎಂದಳು ಅವಳು. "ಮನೇಗ್ ಬಾ, ಯೋಳ್ತೀನಿ."