ಆ ಸೋಮವಾರದ ಉಪ್ಪು

ಶಕುನ, ಸೂಚನೆ ಇಂಥವನ್ನೆಲ್ಲ ನಾನು ನಂಬಿದವನಲ್ಲ. ನಂಬುವವರನ್ನು ಕಂಡರೆ ಗೇಲಿ ಮಾಡುತ್ತಿದ್ದೆ. ಈಗ ಹೇಳುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಅವರನ್ನೂ ಬಿಡುತ್ತಿರಲಿಲ್ಲ. ನೀವು ನಕ್ಕರೆ ನನಗೆ ಬೇಸರವಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಮಾಲು ನೋಡಿ ತೆಗೆದುಕೊಳ್ಳುವ ಕೆಲಸ ನನ್ನದು. ಚೀಲದಿಂದ ನಾಲ್ಕು ಭತ್ತ ತೆಗೆದು, ಸುಲಿದು, ಕಾಳು ಕಚ್ಚಿದರೆ ಹಸಿ ಎಷ್ಟು, ಹಳತು ಎಷ್ಟು ಎಂದು ಹೇಳಿಬಿಡುತ್ತಿದ್ದೆ. ನನ್ನ ಬಾಯಿ ತಪ್ಪುವುದಿಲ್ಲ ಎಂಬ ಜಂಬವೂ ಇತ್ತು.

ತಂಗಿ ನೀಲಮ್ಮನನ್ನು ಗಬ್ಬೂರಿಗೆ ಕೊಟ್ಟಿದ್ದೆವು. ಮದುವೆಯಾದ ಮೂರನೇ ವರ್ಷ ಅವಳು ಕಪ್ಪಿಟ್ಟು, ಸೊರಗಿ, ನಿಂತಲ್ಲೇ ತಲೆಸುತ್ತಿ ಬೀಳತೊಡಗಿದಳು. ಕದ್ದು ಉಪ್ಪಿನ ಹರಳು ನೆಕ್ಕುತ್ತಿದ್ದಳು. ಮೂತ್ರಪಿಂಡದ ಮೇಲಿರುವ ಪುಟ್ಟ ಗ್ರಂಥಿಗಳು ಸೋತಿವೆ, ಗುಳಿಗೆ ಒಂದು ದಿನವೂ ತಪ್ಪಬಾರದು ಎಂದರು ರಾಯಚೂರಿನ ಡಾಕ್ಟರು. ವಾಂತಿಯಾಗಿ ಗುಳಿಗೆ ಒಳಗೆ ನಿಲ್ಲದಿದ್ದರೆ ಜೀವಕ್ಕೇ ಅಪಾಯ. ಆಗ ಹೈಡ್ರೋಕಾರ್ಟಿಸೋನ್ ಸೂಜಿ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ ಎಂದು ಚೀಟಿಯನ್ನೂ ಬರೆದುಕೊಟ್ಟರು. ಆ ಔಷಧಿಯ ಶೀಶೆಯನ್ನು ಹೈದರಾಬಾದಿನಿಂದ ತರಿಸಿದೆ. ನಾಗರ ಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಹೋದಾಗ ಕೊಟ್ಟರಾಯಿತು ಎಂದು ಚೀಟಿಯ ಜೊತೆ ಟ್ರಂಕಿನಲ್ಲಿಟ್ಟೆ. ಕೆಲಸದ ನೆಪದಲ್ಲಿ ಪಂಚಮಿಗೆ ಹೋಗಲೇ ಇಲ್ಲ.

ಪಂಚಮಿ ಕಳೆದ ಮೇಲಿನ ಒಂದು ಸೋಮವಾರ. ಬೆಳಿಗ್ಗೆ ಎಂದಿನಂತೆ ಕಾಳು ಕಚ್ಚಿದೆ. ಉಪ್ಪು. ಇನ್ನೊಂದು ಚೀಲದ್ದು ಕಚ್ಚಿದೆ, ಅದೂ ಉಪ್ಪು. ಮಾಲು ತಂದ ರೈತನ ಮೇಲೆ ರೇಗಿದೆ. ಅವನು ತಾನೂ ಎರಡು ಕಾಳು ಬಾಯಿಗೆ ಹಾಕಿಕೊಂಡ.

“ಉಪ್ಪೆಲ್ಲಿ ಅದರೀ ಅಣ್ಣಾರ? ಬಾಯಿ ಮುಕ್ಕಳಿಸಿ ನೋಡ್ರಿ.”

ಮುಕ್ಕಳಿಸಿದ ನೀರೂ ಉಪ್ಪಾಗಿತ್ತು. ಹರಳು ನೆಕ್ಕುತ್ತಿದ್ದ ನೀಲಮ್ಮ ಕಣ್ಣ ಮುಂದೆ ಬಂದಳು. ಮನೆಗೆ ಓಡಿ ಟ್ರಂಕು ತೆಗೆದು ಶೀಶೆ, ಚೀಟಿ ಹಿಡಿದು ರಾಯಚೂರಿನ ಬಸ್ಸು ಹತ್ತಿದೆ. ಅಲ್ಲಿ ಗಬ್ಬೂರಿನ ಬಸ್ಸು ತಪ್ಪಿತು. ಗಬ್ಬೂರಿನ ಮೇಲೆ ದೇವದುರ್ಗಕ್ಕೆ ಹೊರಟಿದ್ದ ಲಾರಿಗೆ ಅಡ್ಡ ನಿಂತು ಹತ್ತಿಕೊಂಡೆ. ನಿನಗೆಲ್ಲೋ ತಲೆ ಕೆಟ್ಟಿದೆ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಆದರೂ ಇಳಿಯಲಿಲ್ಲ.

ನೀಲಮ್ಮ ಪಡಸಾಲೆಯಲ್ಲಿ ಬಿದ್ದಿದ್ದಳು. ಕರೆದರೆ ಕಣ್ಣು ಬಿಡಲಿಲ್ಲ, ಮೈ ತಣ್ಣಗಾಗಿತ್ತು. ಗಂಡ ಜೀಪು ತರಲು ಓಡಿದ್ದ. ಅವಳ ಅತ್ತೆ ಸೊಸೆಯನ್ನು ಮಗಳಂತೆ ಕಂಡವಳು, ಅವಳ ಕಾಲು ತಿಕ್ಕುತ್ತ ಕೂತಿದ್ದಳು.

“ನಿನ್ನಿಯಿಂದ ವಾಂತಿ, ಗುಳಿಗಿ ನಿಲ್ಲವಲ್ದು ಯಪ್ಪಾ. ಬ್ಯಾನಿ ಹೋಗ್ಲಿ ಅಂತ ಗೂಗಲ್ ಊರಾಗಿನ ಅಲ್ಲಮಪ್ರಭುಗ ಬೇಡ್ಕೊಂಡಿದ್ದೆ, ಶ್ರಾವಣ ಪೂರ್ತಿ ಸಪ್ಪನ ಊಟ ಅಂತ. ಉಪ್ಪು ಮುಟ್ಟಿಲ್ಲ ಆಕಿ.”

ಯಾವ ದೇಹ ಉಪ್ಪಿಗೆ ಬಾಯಿ ಬಿಡುತ್ತಿತ್ತೋ ಅದಕ್ಕೇ ಉಪ್ಪಿಲ್ಲ. ಸಿಟ್ಟು ಬಂತು, ಆದರೆ ಶೀಶೆಯನ್ನು ಟ್ರಂಕಿನಲ್ಲಿಟ್ಟುಕೊಂಡವನು ಯಾರ ಮೇಲೆ ಸಿಟ್ಟಾಗಲಿ?

ಅತ್ತೆ ಕರೆಸಿದ್ದ ಊರಿನ ಕಂಪೌಂಡರ್ ಶೀಶೆ ನೋಡಿ ಹಿಂಜರಿದ. “ನಾಡಿ ಸಿಗವಲ್ದು. ಈ ಔಷಧ ನಾ ಎಂದೂ ಕೊಟ್ಟಿಲ್ರಿ. ರಾಯಚೂರಿಗೆ ಒಯ್ರಿ.”

ನಾನು ಚೀಟಿಯನ್ನು ಅವನ ಕೈಯಲ್ಲಿಟ್ಟು ಬಾಗಿಲಿಗೆ ಅಡ್ಡ ನಿಂತೆ. “ಮೊದ್ಲು ಸೂಜಿ, ಆಮ್ಯಾಲ ಗಾಡಿ. ಏನಾದ್ರೂ ನನ್ನ ಮ್ಯಾಲ.”

ಅವನು ಚೀಟಿಯನ್ನು ಎರಡು ಸಲ ಓದಿ ತೊಡೆಗೆ ಚುಚ್ಚಿದ. ಸಲೈನ್ ಹಚ್ಚಿದ. ಅವಳ ಗಂಡ ತಂದ ಜೀಪಿನಲ್ಲಿ ಬಾಟಲಿಯನ್ನು ನಾನೇ ಎತ್ತಿ ಹಿಡಿದೆ. ಕೈ ಮರಗಟ್ಟಿದರೂ ಇಳಿಸಲಿಲ್ಲ. ರಾಯಚೂರು ಇನ್ನೂ ದೂರವಿರುವಾಗ ನೀಲಮ್ಮ ಕಣ್ಣು ಬಿಟ್ಟಳು.

“ಅಣ್ಣಾ, ಬಾಯಿ ಸಪ್ಪಗ ಆಗ್ಯಾದ.”

ನನಗೆ ಅಳು ತಡೆಯಲಾಗಲಿಲ್ಲ. ನನ್ನ ಬಾಯಿಯ ಉಪ್ಪು ಅಷ್ಟರಲ್ಲಿ ಹೋಗಿತ್ತು. ಯಾವಾಗ ಹೋಯಿತೆಂದು ಗಮನಿಸಿರಲಿಲ್ಲ.

ನನ್ನನ್ನು ಕರೆಯಲು ನೀಲಮ್ಮನ ಗಂಡ ಆ ಬೆಳಿಗ್ಗೆ ಕೊಟ್ಟಿದ್ದ ತಂತಿ ಮರುದಿನವಷ್ಟೇ ಗಿರಣಿಗೆ ಮುಟ್ಟಿತಂತೆ. ಹರಕೆ ಕೆಡಬಾರದೆಂದು ಉಳಿದ ಶ್ರಾವಣವನ್ನು ಅತ್ತೆಯೇ ಸಪ್ಪೆ ಉಂಡು ಮುಗಿಸಿದಳು. ಬಾಯಿ ಉಪ್ಪಾದದ್ದನ್ನು ಹೇಳಿದಾಗ, ಔಷಧಿ ಕೊಡದ ತಪ್ಪು ನಿನ್ನ ಮನಸ್ಸಿನಲ್ಲಿ ಕೊರೆಯುತ್ತಿತ್ತು, ಅದೇ ಬಾಯಿಗೆ ಬಂದಿದೆ ಎಂದರು ರಾಯಚೂರಿನ ಡಾಕ್ಟರು. ಇರಬಹುದು. ಆದರೆ ಅವಳಿಗೆ ಉಪ್ಪು ಬಿಡಿಸಿದ್ದು ನನಗೆ ಗೊತ್ತೇ ಇರಲಿಲ್ಲ.

ನೀಲಮ್ಮ ಈಗ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾಳೆ. ಸೂಜಿಯ ಶೀಶೆ ಅವಳ ಮನೆಯಲ್ಲೇ ಇರುತ್ತದೆ. ನಾನು ಇವತ್ತಿಗೂ ಶಕುನ ನಂಬುವವನಲ್ಲ. ಆದರೆ ಊಟಕ್ಕೆ ಕೂತಾಗ ಮೊದಲು ಒಂದು ಗುಟುಕು ನೀರು ಕುಡಿದು ನೋಡುತ್ತೇನೆ. ನೀರು ನೀರಿನಂತೆಯೇ ಇದ್ದರೆ ತಟ್ಟೆಗೆ ಕೈ ಹಾಕುತ್ತೇನೆ.